ಆಸಾರ್ ಮಹಲಿನ ಬಡಿಗರು, ಗೌಂಡಿಗಳು

ವಿಜಯಪುರದ ಆಸಾರ್ ಮಹಲಿಗೆ ಬೆಳಿಗ್ಗೆಯೇ ಹೋಗಬೇಕು. ಮುಖ ಮೂಡಣಕ್ಕಿದೆ, ಎಳೆಬಿಸಿಲಿನಲ್ಲಿ ಕಟ್ಟಿಗೆ ಕೆಲಸ ಚೆನ್ನಾಗಿ ಕಾಣುತ್ತದೆ. 1646ರ ಸುಮಾರಿಗೆ ಮುಹಮ್ಮದ್ ಆದಿಲ್‌ಶಾಹ ಇದನ್ನು ಕಟ್ಟಿಸಿದ್ದು ನ್ಯಾಯದ ಕಚೇರಿಯಾಗಿ. ಆಗಿನ ಹೆಸರು ದಾದ್ ಮಹಲು. ಪ್ರವಾದಿ ಮುಹಮ್ಮದರದೆಂದು ನಂಬುವ ಕೇಶ ಇಲ್ಲಿಗೆ ಬಂದದ್ದು ಆಮೇಲೆ. ಕಟ್ಟಿಸಿದವನ ಹೆಸರು ಎಲ್ಲರಿಗೂ ಗೊತ್ತು. ಕಟ್ಟಿದವರನ್ನು ಕಾಣಬೇಕಾದರೆ ಕಂಬದ ಹತ್ತಿರ ನಿಲ್ಲಬೇಕು.

ಎಂಟು ಮೂಲೆಯ ನಾಲ್ಕು ತೇಗದ ಕಂಬಗಳು ಮುಂಭಾಗದ ಚಾವಣಿಯನ್ನು ಹೊತ್ತಿವೆ. ಮರ ಹೆಚ್ಚು ನೀರು ಹೀರುವುದು ಕೊಯ್ದ ತುದಿಯಿಂದ. ಅದಕ್ಕೇ ಬಲ್ಲ ಬಡಿಗ ಕಂಬವನ್ನು ಮಣ್ಣಲ್ಲಿ ಹುಗಿಯದೆ ಕಲ್ಲಿನ ಮೇಲೆ ನಿಲ್ಲಿಸುತ್ತಾನೆ. ಮೇಲಿನ ಅಪಾಯ ಬೇರೆ. ಮಾಳಿಗೆ ಸೋರಿದರೆ ಮೊದಲು ಕೊಳೆಯುವುದು ಗೋಡೆಯೊಳಗೆ ಕೂತ ತೊಲೆಯ ತುದಿ. ಅಲ್ಲಿ ಗಾಳಿ ಆಡುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಮಳೆಗಾಲಕ್ಕೆ ಮುಂಚೆ ಗಚ್ಚಿನ ಬಿರುಕು ಮುಚ್ಚುವ ಗೌಂಡಿಯೇ ಕಟ್ಟಿಗೆಯನ್ನೂ ಕಾಯುವವನು.

ಗಚ್ಚಿನ ಕೆಲಸಕ್ಕೆ ಅವಸರ ಸಲ್ಲದು. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ, ದಿನಗಟ್ಟಲೆ ನೆನೆಯಬಿಟ್ಟು, ಉಸುಕಿನೊಂದಿಗೆ ಎತ್ತಿನ ಘಾಣಿಯಲ್ಲಿ ಅರೆಯಬೇಕು. ಅರಳದ ಹರಳು ಉಳಿದರೆ ಗೋಡೆ ಸೇರಿದ ಮೇಲೆ ತೇವ ಕುಡಿದು ಹಿಗ್ಗುತ್ತದೆ, ಗಿಲಾವು ಸಿಡಿದು ಸಣ್ಣ ಗುಳಿ ಬೀಳುತ್ತದೆ. ಇಂಥ ಗೋಡೆಗೆ ಸಿಮೆಂಟಿನ ತೇಪೆ ಹಾಕುವುದು ದೊಡ್ಡ ತಪ್ಪು: ಹೊರಗೆ ಬರಲಾಗದ ತೇವ ಪಕ್ಕದ ಹಳೆಯ ಗಚ್ಚನ್ನು ಉದುರಿಸುತ್ತದೆ.

ಮಹಲಿನ ಮುಂದಿರುವ ಹೊಂಡ ಸುಮಾರು 15 ಅಡಿ ಆಳ. ಅದಕ್ಕೆ ನೀರು ಬರುತ್ತಿದ್ದುದು ಊರ ದಕ್ಷಿಣದ ಬೇಗಂ ತಲಾಬಿನಿಂದ. ಆ ಕೆರೆಯಾದದ್ದು 1651ರಲ್ಲಿ, ಮಹಲಿನ ನಂತರ. ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳು. ಗಂಜ್‌ನಲ್ಲಿ ನೀರು ಏರಿ ಇಳಿಯುವಾಗ ಒತ್ತಡ ತಗ್ಗುತ್ತದೆ, ಹೂಳು ತಳಕ್ಕೆ ಕೂಡುತ್ತದೆ. ಒತ್ತಡ ತಗ್ಗದಿದ್ದರೆ ಕೊಳವೆಯ ಸಂದು ಬಿಡುತ್ತದೆ, ಹೂಳು ತೆಗೆಯದಿದ್ದರೆ ಕೊಳವೆಯೇ ಕಟ್ಟಿಕೊಳ್ಳುತ್ತದೆ. ಗಂಜ್‌ನೊಳಗೆ ಇಳಿದು ಕೆಸರು ಎತ್ತಿದ ಕೈಗಳನ್ನೂ ಇಲ್ಲಿ ನೆನೆಯಬೇಕು.

ನ್ಯಾಯದ ಕಚೇರಿಯೆಂದ ಮೇಲೆ ಬರೆಯುವವರ ಕೆಲಸವೂ ಕಡಿಮೆಯದಲ್ಲ. ಆ ಕಾಲದ ಎಷ್ಟೋ ಫರ್ಮಾನುಗಳಲ್ಲಿ ಫಾರಸಿಯ ಜೊತೆಗೆ ಮೋಡಿ ಲಿಪಿಯ ಮರಾಠಿಯೂ ಇದೆ. ಒಂದೇ ಆಜ್ಞೆಗೆ ಎರಡು ಭಾಷೆ ಬಲ್ಲ ಕೈ ಬೇಕಿತ್ತು.

ಅಲ್ಲಿಂದ ಕೋಟೆಯೊಳಗಿನ ಗಗನ ಮಹಲಿಗೆ ನಡೆದೇ ಹೋಗಬಹುದು. ಅದು 1561ರ ದರ್ಬಾರು. 60 ಅಡಿಗೂ ಹೆಚ್ಚು ಅಗಲದ ನಡುಕಮಾನು ಗಟ್ಟಿಯಾಗಿ ನಿಂತಿದೆ. ಮರದ ಮಹಡಿ, ಚಾವಣಿ ಎರಡೂ ಇಲ್ಲ. ತಲೆಯೆತ್ತಿದರೆ ಬರೀ ಆಕಾಶ. ಗೌಂಡಿಗಳ ಕೆಲಸ ಅಲ್ಲಿ ಪೂರ್ತಿ ಕಾಣುತ್ತದೆ. ಬಡಿಗರ ಕೆಲಸವನ್ನು ಆಸಾರ್ ಮಹಲಿನ ನಾಲ್ಕು ಕಂಬಗಳನ್ನು ನೆನಪಿಟ್ಟುಕೊಂಡೇ ಊಹಿಸಬೇಕು.