ಕರಿಯ ಗುರ್ ಅಂದ

ಇವತ್ತು ಬೆಳಿಗ್ಗೆ ಪುಟ್ಟಿ ಚೆಂಡು ತಗೊಳ್ಳೋಕೆ ಬಗ್ಗಿದ್ದಳು ಅಷ್ಟೇ. ಚೆಂಡು ಇದ್ದದ್ದು ನಮ್ ನಾಯಿ ಕರಿಯನ ಅನ್ನದ ತಟ್ಟೆ ಪಕ್ಕ.

ಗುರ್ ಅಂದ.

ಅತ್ತೆ ಪೊರಕೆ ಹಿಡ್ಕೊಂಡು ಬಂದೇಬಿಟ್ರು. "ಮಗು ಮೇಲೇ ಗುರ್ ಅಂತಾನಾ! ಬಿಡು, ನಾಲ್ಕು ಬಾರಿಸ್ತೀನಿ."

ತಡೆದೆ. ಗುರ್ ಅಂದಿದ್ದಕ್ಕೆ ಹೊಡೆದ್ರೆ ನಾಯಿ ಸಿಟ್ಟು ಬಿಡಲ್ಲ, ಗುರ್ ಅನ್ನೋದನ್ನ ಬಿಡುತ್ತೆ. ಆಮೇಲೆ ಸದ್ದೇ ಇಲ್ಲದೆ ಬಾಯಿ ಹಾಕುತ್ತೆ. ಹಾರ್ನ್ ಕಿರಿಕಿರಿ ಅಂತ ವೈರ್ ಕಿತ್ತು ಬಸ್ ಓಡಿಸಿದ ಹಾಗೆ.

ಗುರ್ ಅನ್ನೋಕೆ ಮುಂಚೆನೂ ಅವನು ಹೇಳಿದ್ದ. ತಿನ್ನೋದು ನಿಲ್ಲಿಸಿದ್ದ, ಮೈ ಬಿಗಿ ಮಾಡಿದ್ದ, ಕಣ್ಣಿನ ಬಿಳಿ ಕಾಣ್ತಿತ್ತು. ಮೂರು ವರ್ಷದ ಮಗುಗೆ ಅದೆಲ್ಲಿ ಗೊತ್ತಾಗ್ಬೇಕು? ಅದರ ಮುಖ ಬೇರೆ ನಾಯಿ ಬಾಯಿ ಎತ್ತರಕ್ಕೇ ಇರುತ್ತೆ.

("ನಮ್ ನಾಯಿ ಏನೂ ಮಾಡಲ್ಲ" ಅನ್ನೋರನ್ನ ಕಂಡ್ರೆ ನನಗೆ ನಾಯಿಗಿಂತ ಜಾಸ್ತಿ ಭಯ.)

ಇನ್ಮೇಲೆ ಅವನ ಊಟ ಹಿತ್ತಲಲ್ಲಿ, ಬಾಗಿಲು ಹಾಕಿ. ದೊಡ್ಡೋರು ಯಾರೂ ಇಲ್ಲದಾಗ ಇಬ್ಬರೂ ಒಂದೇ ಕೋಣೇಲಿ ಇಲ್ಲ. ನಾಳೆ ಪಶುವೈದ್ಯರ ಹತ್ರ ಹೋಗ್ಬೇಕು. ಹಲ್ಲೋ ಕಿವಿಯೋ ನೋಯ್ತಿದ್ರೂ ನಾಯಿಗಳು ಹೀಗೆ ಸಿಡುಕ್ತವೆ.

ಮನೇಲಿ ಮಕ್ಕಳಿರೋರಿಗೆ ಒಂದು ಮಾತು. ಹಲ್ಲು ತಾಗಿ ಬರೀ ಗೀರಾದ್ರೂ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೀರಿ. ಅರಿಶಿನ, ಸುಣ್ಣ ಏನೂ ಮೆತ್ತಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮನೆ ನಾಯಿ ತಾನೇ ಅಂತ ಸುಮ್ನಿರ್ಬೇಡಿ.

ಹಾಂ, ನಾಯಿ ಬಾಯಿಗೆ ಹಾಕೋ ಕುಕ್ಕೆ ಯಾರ ಹತ್ರನಾದ್ರೂ ಇದ್ಯಾ? ಒಳಗೇ ಬಾಯಿ ತೆಗೆದು ಏದುಸಿರು ಬಿಡೋಕೆ, ನೀರು ಕುಡಿಯೋಕೆ ಆಗಬೇಕು. ಬಿಗಿಯಾಗಿ ಸುತ್ತೋ ಬಟ್ಟೇದು ಬೇಡ.