ಎಸ್ಸೆನ್ ನೋಡಲು ಹೋಗುವವರಿಗೆ: ಗಣಿಯಿಂದ ಆರಂಭಿಸಿ

ಜರ್ಮನಿಗೆ ಹೊರಟವರ ಪಟ್ಟಿಯಲ್ಲಿ ಬರ್ಲಿನ್, ಮ್ಯೂನಿಕ್, ಬ್ಲ್ಯಾಕ್ ಫಾರೆಸ್ಟ್ ಇರುತ್ತವೆ. ಎಸ್ಸೆನ್ ಇರುವುದು ಅಪರೂಪ. ಡ್ಯುಸೆಲ್‌ಡಾರ್ಫ್‌ನಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಸೆಪ್ಟೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಹೋಗಿದ್ದಾಗ, ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯ ಹಾದಿಯಾದ ಈ ಊರಿಗೆಂದೇ ಮೂರು ದಿನ ಎತ್ತಿಟ್ಟಿದ್ದೆವು. ನಾನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಬೆಳೆದವನು. ಅಪ್ಪ ಕೆಲಸ ಮಾಡುತ್ತಿದ್ದ ಕುಲುಮೆಯನ್ನು ಹತ್ತಿರದಿಂದ ನೋಡುವ ಭಾಗ್ಯ ಚಿಕ್ಕಂದಿನಲ್ಲಿ ಸಿಗಲಿಲ್ಲವಾದ್ದರಿಂದ, ಎಸ್ಸೆನ್ ಇರುವ, ಕಲ್ಲಿದ್ದಲು ಮತ್ತು ಉಕ್ಕಿನಿಂದಲೇ ಬೆಳೆದ ರೂರ್ ಪ್ರದೇಶವನ್ನು ನೋಡಬೇಕೆಂಬ ಆಸೆ ನನ್ನಲ್ಲಿ ಬಹಳ ಕಾಲದಿಂದ ಇತ್ತು.

ಹೋಗುವವರಿಗೆ ನನ್ನ ಮುಖ್ಯ ಸಲಹೆ ನೋಡುವ ಕ್ರಮದ ಬಗ್ಗೆ. ಮೊದಲು ಗಣಿ, ಆಮೇಲೆ ಉಕ್ಕಿನ ಮಾಲೀಕರ ಬಂಗಲೆ, ಅದರ ನಂತರ ಕಲಾ ಸಂಗ್ರಹಾಲಯ. ಹೆಚ್ಚಿನವರು ನಿಲ್ದಾಣದಿಂದ ಇಳಿದ ಕೂಡಲೇ ಹತ್ತಿರದಲ್ಲಿರುವುದನ್ನು ನೋಡಿ, ಗಣಿಯನ್ನು ಕೊನೆಯ ಸಂಜೆಗೆ ತಳ್ಳುತ್ತಾರೆ. ಈ ಊರಿಗೆ ಸಂಪತ್ತು ಎಲ್ಲಿಂದ ಬಂತು ಎಂಬುದು ಕಣ್ಣಿಗೆ ಬಿದ್ದ ಮೇಲೆ ಉಳಿದುದನ್ನು ನೋಡಿದರೆ ಪ್ರತಿಯೊಂದೂ ಬೇರೆಯಾಗಿಯೇ ಕಾಣುತ್ತದೆ.

ತ್ಸೋಲ್‌ಫರೈನ್ ಗಣಿಗೆ ಎಸ್ಸೆನ್ ಮುಖ್ಯ ನಿಲ್ದಾಣದಿಂದ 107ನೇ ಸಂಖ್ಯೆಯ ಟ್ರಾಮ್ ಹೋಗುತ್ತದೆ. ಗಣಿಯ ಹೆಸರಿನದೇ ನಿಲ್ದಾಣ ಇರುವುದರಿಂದ ದಾರಿ ತಪ್ಪುವ ಭಯವಿಲ್ಲ. ಜರ್ಮನ್ ಸಂಸ್ಥಾನಗಳು 1834ರಲ್ಲಿ ಕಟ್ಟಿಕೊಂಡ ಸುಂಕದ ಒಕ್ಕೂಟದ ಹೆಸರನ್ನೇ ಫ್ರಾನ್ಸ್ ಹಾನಿಯೆಲ್ ಎಂಬ ಉದ್ಯಮಿ ಈ ಗಣಿಗೆ ಇಟ್ಟನು. 1851ರಿಂದ ಇಲ್ಲಿ ಕಲ್ಲಿದ್ದಲು ತೆಗೆಯಲಾಯಿತು. 1932ರಲ್ಲಿ ಕೆಲಸ ಆರಂಭಿಸಿದ 12ನೇ ಶಾಫ್ಟ್‌ನ (ನೆಲದಡಿಗೆ ಇಳಿಯುವ ಗಣಿಬಾವಿಯ) ಕಟ್ಟಡಗಳನ್ನು ವಿನ್ಯಾಸಗೊಳಿಸಿದವರು ಫ್ರಿಟ್ಸ್ ಶುಪ್ ಮತ್ತು ಮಾರ್ಟಿನ್ ಕ್ರೆಮರ್. ಕೆಂಪು ಇಟ್ಟಿಗೆ, ಉಕ್ಕಿನ ಚೌಕಟ್ಟು, ನೇರ ಗೆರೆಗಳು. ಅವುಗಳ ನಡುವೆ 55 ಮೀಟರ್ ಎತ್ತರದ, ಎರಡು ಕಡೆಗೆ ಕಾಲು ಚಾಚಿ ನಿಂತ ಗಣಿಗೋಪುರ. ದಿನಕ್ಕೆ 12,000 ಟನ್ ಕಲ್ಲಿದ್ದಲನ್ನು ಮೇಲೆತ್ತುವ ಶಕ್ತಿ ಈ ಒಂದೇ ಶಾಫ್ಟ್‌ಗೆ ಇತ್ತು. 1986ರ ಡಿಸೆಂಬರ್ 23ರಂದು ಗಣಿ ಮುಚ್ಚಿತು. 2001ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ನಮ್ಮ ಕೋಲಾರದ ಚಿನ್ನದ ಗಣಿಗೆ ಬೀಗ ಬಿದ್ದದ್ದೂ ಅದೇ 2001ರಲ್ಲಿ ಎಂಬುದು ಅಲ್ಲಿ ನಿಂತಿದ್ದಾಗ ನೆನಪಾಗಿ ಮನಸ್ಸು ಭಾರವಾಯಿತು.

ಆವರಣ ಸುಮಾರು 100 ಹೆಕ್ಟೇರ್‌ನಷ್ಟು ವಿಸ್ತಾರವಾಗಿದ್ದು, ಹೊರಗೆ ಓಡಾಡಲು ಟಿಕೆಟ್ ಬೇಕಿಲ್ಲ. ಹಾಗೆಂದು ಫೋಟೊ ತೆಗೆದುಕೊಂಡು ಹಿಂದಿರುಗಿದರೆ ಮುಖ್ಯವಾದುದನ್ನೇ ಬಿಟ್ಟು ಬಂದಂತೆ. ಮಾರ್ಗದರ್ಶಕರೊಡನೆ ಸುಮಾರು ಎರಡು ಗಂಟೆ ಯಂತ್ರಶಾಲೆಗಳ ಒಳಗೆ ನಡೆಯುವ ಭೇಟಿಗೆ ಖಂಡಿತ ಸೇರಿಕೊಳ್ಳಿ. ಇಂಗ್ಲಿಷಿನ ಭೇಟಿಗಳು ಜರ್ಮನ್ ಭಾಷೆಯವುಗಳಿಗಿಂತ ಕಡಿಮೆ ಇರುವುದರಿಂದ ದಿನಾಂಕವನ್ನು ಮೊದಲೇ ನೋಡಿ ಕಾಯ್ದಿರಿಸಿ, ಉಳಿದ ದಿನಗಳನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಒಳ್ಳೆಯದು. ಒಂದು ವಿಷಯ ಮೊದಲೇ ತಿಳಿದಿರಲಿ: ನೆಲದಡಿಯ ಸುರಂಗಕ್ಕೆ ಇಲ್ಲಿ ಯಾರನ್ನೂ ಇಳಿಸುವುದಿಲ್ಲ. ನೋಡಲು ಸಿಗುವುದು ಮೇಲೆ ಬಂದ ಕಲ್ಲಿದ್ದಲಿನ ಪ್ರಯಾಣ ಮಾತ್ರ. ಸುರಂಗದೊಳಗೆ ನಡೆದ ಅನುಭವವೇ ಬೇಕೆನ್ನುವವರು ಪಕ್ಕದ ಬೋಕುಮ್ ನಗರದ ಗಣಿಗಾರಿಕೆ ಸಂಗ್ರಹಾಲಯಕ್ಕೆ ಹೋಗಬಹುದು. ಅಲ್ಲಿ ಪ್ರದರ್ಶನಕ್ಕೆಂದೇ ನೆಲದಡಿ ಸುರಂಗಗಳನ್ನು ನಿರ್ಮಿಸಿದ್ದಾರೆ.

ನಮ್ಮನ್ನು ಕರೆದೊಯ್ದ ಹಿರಿಯರು ಹಿಂದೆ ಗಣಿಯಲ್ಲಿ ದುಡಿದವರೇ ಆಗಿದ್ದರು. "ಗ್ಲ್ಯುಕ್ ಔಫ್" ಎಂದು ಗಣಿಗಾರರ ರೀತಿಯಲ್ಲಿ ಎಲ್ಲರಿಗೂ ವಂದಿಸಿಯೇ ಅವರು ಮಾತು ಆರಂಭಿಸಿದರು. ಕೆಳಗಿಳಿದವನು ಕ್ಷೇಮವಾಗಿ ಮೇಲೆ ಬರಲಿ ಎಂಬ ಹಾರೈಕೆ ಅದರಲ್ಲಿದೆ. ಮೇಲೆ ಬಂದ ತೊಟ್ಟಿಗಳು ಬೋರಲಾಗುತ್ತಿದ್ದ ಜಾಗ, ಚಲಿಸುವ ಪಟ್ಟಿಗಳ ಮೇಲೆ ಕಲ್ಲನ್ನೂ ಕಲ್ಲಿದ್ದಲನ್ನೂ ಬೇರ್ಪಡಿಸುತ್ತಿದ್ದ ಸಾಲು, ನೀರಿನಲ್ಲಿ ಭಾರದ ಕಲ್ಲು ತಳಕ್ಕಿಳಿದು ಹಗುರವಾದ ಕಲ್ಲಿದ್ದಲು ಮೇಲೆ ಉಳಿಯುವಂತೆ ಮಾಡುತ್ತಿದ್ದ ತೊಳೆಯುವ ಯಂತ್ರ, ಇವನ್ನೆಲ್ಲ ಒಂದೊಂದಾಗಿ ತೋರಿಸಿದರು. ಒಂದು ಕಡೆ ನಿಂತು ಕಬ್ಬಿಣದ ತೊಟ್ಟಿಗೆ ಒಂದು ಕಲ್ಲನ್ನು ಎಸೆದರು. ಆ ಒಂದು ಸದ್ದಿಗೇ ನಾವು ಬೆಚ್ಚಿದೆವು. ಇಂಥ ಸದ್ದು ಎಂಟು ತಾಸಿನ ಪಾಳಿಯುದ್ದಕ್ಕೂ ಇರುತ್ತಿತ್ತೆಂದೂ ಜೊತೆಗಾರರಲ್ಲಿ ಹಲವರಿಗೆ ಕಿವಿ ಮಂದವಾಯಿತೆಂದೂ ಅವರು ಹೇಳಿದಾಗ, ಮನೆಯಲ್ಲಿ ಯಾವಾಗಲೂ ಗಟ್ಟಿಯಾಗಿ ಮಾತನಾಡುತ್ತಿದ್ದ ಅಪ್ಪ ನನ್ನ ಕಣ್ಣ ಮುಂದೆ ಬಂದರು. ಆ ಗಟ್ಟಿ ದನಿಯ ಕಾರಣ ನನಗೆ ಹೊಳೆದದ್ದು ಅರವತ್ತು ದಾಟಿದ ಮೇಲೆ, ಪರದೇಶದ ಒಂದು ಗಣಿಯಲ್ಲಿ.

ಅದೇ ತೊಳೆಯುವ ಕಟ್ಟಡದಲ್ಲಿ 2010ರಿಂದ ರೂರ್ ಸಂಗ್ರಹಾಲಯವಿದೆ. ಡಚ್ ವಾಸ್ತುಶಿಲ್ಪಿ ರೆಮ್ ಕೂಲ್ಹಾಸ್ ಅವರ ಸಂಸ್ಥೆ ಕಟ್ಟಡವನ್ನು ಮಾರ್ಪಡಿಸಿದ್ದು, ಹೊರಗಿನಿಂದ 24 ಮೀಟರ್ ಎತ್ತರಕ್ಕೆ ಉದ್ದನೆಯ ಎಸ್ಕಲೇಟರಿನಲ್ಲಿ ಏರಿ, ಅಲ್ಲಿಂದ ಹಂತ ಹಂತವಾಗಿ ಕೆಳಗಿಳಿಯುತ್ತ ನೋಡಬೇಕು. ಕಲ್ಲಿದ್ದಲು ಕಟ್ಟಡದೊಳಗೆ ಸಾಗುತ್ತಿದ್ದುದೂ ಮೇಲಿನಿಂದ ಕೆಳಕ್ಕೇ. ಒಳಗಿನ ಮೆಟ್ಟಿಲುಗಳಿಗೆ ಕಾದ ಉಕ್ಕಿನ ಕಿತ್ತಳೆ ಬಣ್ಣದ ಬೆಳಕು ಕೊಟ್ಟಿದ್ದಾರೆ. ಮಂಡಿನೋವಿರುವವರು ಹೆದರಬೇಕಾಗಿಲ್ಲ, ಲಿಫ್ಟ್ ಇದೆ. ನನ್ನ ಹೆಂಡತಿ ಅದನ್ನೇ ಬಳಸಿದಳು. ಇದಕ್ಕೆ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಪಕ್ಕದ ಬಾಯ್ಲರ್ ಮನೆಯನ್ನು ನಾರ್ಮನ್ ಫಾಸ್ಟರ್ ಮಾರ್ಪಡಿಸಿದ್ದು, ಅಲ್ಲಿ ರೆಡ್ ಡಾಟ್ ವಿನ್ಯಾಸ ಸಂಗ್ರಹಾಲಯವಿದೆ. ಪ್ರದರ್ಶನಕ್ಕಿಟ್ಟ ಕುರ್ಚಿ, ದೀಪಗಳಿಗಿಂತ ಅವುಗಳ ಹಿಂದೆ ಹಾಗೆಯೇ ಉಳಿಸಿಕೊಂಡಿರುವ ಬಾಯ್ಲರುಗಳೇ ನನಗೆ ಹಿಡಿಸಿದವು. ಸಮಯ ಕಡಿಮೆಯಿದ್ದರೆ ಇದನ್ನು ಬಿಟ್ಟು, ಕಲ್ಲಿದ್ದಲಿನಿಂದ ಕೋಕ್ ಎಂಬ ಇಂಧನ ಮಾಡುತ್ತಿದ್ದ ಸ್ಥಾವರದ ಕಡೆಗೆ ನಡೆಯಿರಿ. 1961ರಿಂದ 1993ರವರೆಗೆ ಉರಿದ 304 ಒಲೆಗಳು ಅಲ್ಲಿ ಒಂದರ ಪಕ್ಕ ಒಂದು ಗೋಡೆಯಂತೆ ನಿಂತಿವೆ. ಭದ್ರಾವತಿಯಲ್ಲಿ ಕಬ್ಬಿಣದ ಅದಿರನ್ನು ಕರಗಿಸಲು ಮೊದಲು ಬಳಸಿದ್ದು ಮಲೆನಾಡಿನ ಕಾಡಿನ ಸೌದೆಯ ಇದ್ದಿಲು. ಇಲ್ಲಿ ಆ ಕೆಲಸಕ್ಕೆ ನೆಲದಡಿಯ ಕಲ್ಲಿದ್ದಲನ್ನು ಗಾಳಿಯಾಡದ ಒಲೆಯಲ್ಲಿ ಕಾಯಿಸಿ ಕೋಕ್ ಮಾಡುತ್ತಿದ್ದರು. ಕಟ್ಟಡಗಳು ದೂರ ದೂರ ಇರುವುದರಿಂದ ಗಟ್ಟಿ ಬೂಟು ಹಾಕಿಕೊಂಡು ಹೋಗಿ. ಯಂತ್ರಶಾಲೆಗಳ ಒಳಗೆ ಚಳಿ ಹೊರಗಿಗಿಂತ ಕಡಿಮೆಯೇನೂ ಇರುವುದಿಲ್ಲವಾದ್ದರಿಂದ ಸೆಪ್ಟೆಂಬರಿನಲ್ಲಿಯೂ ನಮಗೆ ಸ್ವೆಟರ್ ಬೇಕಾಯಿತು.

ಎರಡನೆಯ ದಿನ ಮುಖ್ಯ ನಿಲ್ದಾಣದಿಂದ ಎಸ್6 ಲೋಕಲ್ ರೈಲು ಹಿಡಿದು ಎಸ್ಸೆನ್ ಹ್ಯೂಗೆಲ್‌ನಲ್ಲಿ ಇಳಿದೆವು. ನಿಲ್ದಾಣದ ಒಂದು ಬದಿಗೆ ರೂರ್ ನದಿಗೆ ಅಡ್ಡಗಟ್ಟಿ ಮಾಡಿದ ಬಾಲ್ಡನೈ ಸರೋವರ, ಇನ್ನೊಂದು ಬದಿಯ ಗುಡ್ಡದ ಮೇಲೆ ವಿಲ್ಲಾ ಹ್ಯೂಗೆಲ್. ಉಕ್ಕಿನ ಕಂಪನಿಯ ಮಾಲೀಕ ಆಲ್ಫ್ರೆಡ್ ಕ್ರುಪ್ 1870ರಿಂದ 1873ರ ನಡುವೆ ಕಟ್ಟಿಸಿದ ಈ ಮನೆಯಲ್ಲಿ 269 ಕೋಣೆಗಳಿವೆ. ಬೆಂಕಿಯ ಭಯದಿಂದ ಆತ ಕಲ್ಲು, ಕಬ್ಬಿಣ, ಗಾಜುಗಳನ್ನೇ ಹೆಚ್ಚಾಗಿ ಬಳಸಿಸಿದ. ರೈಲು ಗಾಲಿಗಳಿಗೆ ತೊಡಿಸುವ, ಬೆಸುಗೆಯಿಲ್ಲದ ಉಕ್ಕಿನ ಬಳೆಗಳಿಂದ ಕಂಪನಿಯ ಅದೃಷ್ಟ ಕುದುರಿತು. ಕ್ರುಪ್ ಲಾಂಛನದ ಮೂರು ಉಂಗುರಗಳು ಅವೇ. ಒಡಿಶಾದ ರೂರ್ಕೆಲಾ ಉಕ್ಕಿನ ಕಾರ್ಖಾನೆಯನ್ನು ಕಟ್ಟಲು 1950ರ ದಶಕದಲ್ಲಿ ನೆರವಾದ ಜರ್ಮನ್ ಕಂಪನಿಗಳಲ್ಲಿ ಕ್ರುಪ್ ಕೂಡ ಒಂದು. ಆದರೆ ಇದೇ ಕಂಪನಿ ಫಿರಂಗಿಗಳನ್ನು ಮಾಡಿ ಮಾರಿತು, ಎರಡನೆಯ ಮಹಾಯುದ್ಧದಲ್ಲಿ ಸೆರೆಹಿಡಿದ ಜನರನ್ನು ಬಲವಂತವಾಗಿ ದುಡಿಸಿಕೊಂಡಿತು. ಅದಕ್ಕಾಗಿ ಆಲ್ಫ್ರೆಡ್‌ನ ಮರಿಮಗ, ಆಗಿನ ಮಾಲೀಕ ಆಲ್ಫ್ರೀಡ್ ಕ್ರುಪ್‌ಗೆ 1948ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಶಿಕ್ಷೆಯಾಯಿತು. ಆದ್ದರಿಂದ ದೊಡ್ಡ ಮನೆಯ ಮರದ ಕೆತ್ತನೆಯನ್ನೂ ತೂಗುದೀಪಗಳನ್ನೂ ನೋಡಿ ಹೊರಬೀಳದೆ, ಪಕ್ಕದ ಚಿಕ್ಕ ಮನೆಯಲ್ಲಿರುವ ಇತಿಹಾಸದ ಪ್ರದರ್ಶನವನ್ನೂ ತಾಳ್ಮೆಯಿಂದ ಓದಬೇಕೆಂಬುದು ನನ್ನ ಒತ್ತಾಯ. ಮಧ್ಯಾಹ್ನದ ಬುತ್ತಿಯನ್ನು ಕಟ್ಟಿಕೊಂಡು ಹೋಗಿ. ನಾವು ಚಪಾತಿ ಪಲ್ಯವನ್ನು ಸರೋವರದ ದಂಡೆಯಲ್ಲಿ ಕುಳಿತು ಉಂಡೆವು.

ಅಂದು ಸಂಜೆ ಯು17 ರೈಲಿನಲ್ಲಿ ಮಾರ್ಗರೆಟನ್‌ಹ್ಯೋಹೆಗೆ ಹೋದೆವು. ಮಾರ್ಗರೆಟೆ ಕ್ರುಪ್ 1906ರಲ್ಲಿ ಮಗಳ ಮದುವೆಯ ಸಂದರ್ಭದಲ್ಲಿ ಕೊಟ್ಟ ದತ್ತಿಯಿಂದ, ಗೇಯೋರ್ಗ್ ಮೆಟ್ಸೆನ್‌ಡಾರ್ಫ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಬಡಾವಣೆ ಇದು. ಬಳ್ಳಿ ಹಬ್ಬಿದ ಗೋಡೆ, ಇಳಿಜಾರು ಹೆಂಚಿನ ಮಾಡು, ಪ್ರತಿ ಮನೆಗೂ ಕೈತೋಟ. ಟಿಕೆಟ್ ಏನೂ ಇಲ್ಲ. ಇಂದಿಗೂ ಜನ ವಾಸವಾಗಿರುವ ಮನೆಗಳಾದ್ದರಿಂದ ಕಿಟಕಿಯೊಳಗೆ ಇಣುಕದೆ, ದನಿ ತಗ್ಗಿಸಿ ನಡೆಯಬೇಕು.

ಫೋಕ್‌ವಾಂಗ್ ಕಲಾ ಸಂಗ್ರಹಾಲಯದ ಶಾಶ್ವತ ಸಂಗ್ರಹಕ್ಕೆ ಪ್ರವೇಶ ಉಚಿತ. ಅದರ ಖರ್ಚನ್ನು ಕ್ರುಪ್ ಪ್ರತಿಷ್ಠಾನ ಭರಿಸುತ್ತದೆ. ವ್ಯಾನ್ ಗೋ, ಗೊಗ್ಯಾಂ, ಸೆಜಾನ್ ಮೊದಲಾದವರ ಚಿತ್ರಗಳು ಇಲ್ಲಿವೆ. 1937ರಲ್ಲಿ ನಾಜಿಗಳು "ಅಧಃಪತನದ ಕಲೆ" ಎಂದು ಹಣೆಪಟ್ಟಿ ಹಚ್ಚಿ ಇಲ್ಲಿಂದ 1,400ಕ್ಕೂ ಹೆಚ್ಚು ಕೃತಿಗಳನ್ನು ಹೊತ್ತೊಯ್ದರು, ಅವುಗಳಲ್ಲಿ ಕೆಲವನ್ನು ಮಾತ್ರ ಮರಳಿ ಪಡೆಯಲು ಸಾಧ್ಯವಾಯಿತು. ಊರ ನಡುವಿನ ಹಳೆಯ ಯೆಹೂದಿ ಪ್ರಾರ್ಥನಾ ಮಂದಿರವೂ 1938ರ ನವೆಂಬರಿನಲ್ಲಿ ನಾಜಿಗಳು ಹಚ್ಚಿದ ಬೆಂಕಿಗೆ ಸಿಕ್ಕು ಉಳಿದ ಕಟ್ಟಡ. ಈಗ ಅದು ಯೆಹೂದಿ ಸಂಸ್ಕೃತಿಯ ಮನೆಯಾಗಿದೆ. ಅದರ ಹತ್ತಿರವೇ ಇರುವ ಮುಖ್ಯ ಇಗರ್ಜಿಯಲ್ಲಿ ಸುಮಾರು 980ರ ಕಾಲದ, 74 ಸೆಂಟಿಮೀಟರ್ ಎತ್ತರದ ಬಂಗಾರದ ಮರಿಯಮ್ಮನ ವಿಗ್ರಹವಿದೆ. ಹೊಗೆಕೊಳವೆಗಳ ಊರಿಗೆ ಅವುಗಳಿಗಿಂತ ಎಂಟು ನೂರು ವರ್ಷಗಳಿಗೂ ಹಿಂದಿನ ಬದುಕೊಂದಿತ್ತು ಎಂಬುದನ್ನು ಅಲ್ಲಿ ಕಾಣಬಹುದು.

ಫೋಕ್‌ವಾಂಗ್ ಮತ್ತು ವಿಲ್ಲಾ ಹ್ಯೂಗೆಲ್‌ಗೆ ಸೋಮವಾರ ರಜೆ. ಆದ್ದರಿಂದ ಸೋಮವಾರವೇ ಬಂದರೆ ರೂರ್ ಸಂಗ್ರಹಾಲಯಕ್ಕೆ ಹೋಗಿ. ನಗರ ಸಾರಿಗೆಯಲ್ಲಿ ಐದು ಜನರವರೆಗೆ ಒಟ್ಟಾಗಿ ಓಡಾಡಬಹುದಾದ 24 ಗಂಟೆಯ ಟಿಕೆಟ್ ಸಿಗುತ್ತದೆ, ಕುಟುಂಬಗಳಿಗೆ ಅದು ಅಗ್ಗ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೊ ದಂಡ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಹಾಲು, ಹಣ್ಣುಗಳನ್ನು ಶನಿವಾರವೇ ಕೊಂಡಿಡಿ. ಸಸ್ಯಾಹಾರಿಗಳಿಗೆ ಟರ್ಕಿಯವರ ಅಂಗಡಿಗಳ ಫಲಾಫೆಲ್ ಎಲ್ಲ ಕಡೆಯೂ ಸಿಗುತ್ತದೆ.

ಮೂರನೆಯ ದಿನದ ಮಧ್ಯಾಹ್ನವನ್ನು ಹತ್ತಿರದ ಡ್ಯೂಸ್‌ಬುರ್ಗ್ ನಗರಕ್ಕೆ ಬಿಡಿ. ಅಲ್ಲಿನ ಮುಖ್ಯ ನಿಲ್ದಾಣದಿಂದ 903ನೇ ಟ್ರಾಮ್ ಹಿಡಿದರೆ ಲಾಂಡ್‌ಶಾಫ್ಟ್ಸ್‌ಪಾರ್ಕ್ ಸಿಗುತ್ತದೆ. 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆಯನ್ನು ಕೆಡವದೆ, ಪೀಟರ್ ಲಾಟ್ಸ್ ಅವರ ಯೋಜನೆಯಂತೆ ಉದ್ಯಾನವಾಗಿಸಿದ್ದಾರೆ, ಪ್ರವೇಶ ಉಚಿತ. ಐದನೆಯ ಊದುಕುಲುಮೆಯ ಕಬ್ಬಿಣದ ಮೆಟ್ಟಿಲುಗಳನ್ನು ಹತ್ತಿ ಮೇಲಿನವರೆಗೂ ಹೋಗಬಹುದು. ಮೆಟ್ಟಿಲುಗಳು ಜಾಲರಿಯವು, ಕೆಳಗಿನ ನೆಲ ಕಾಣುತ್ತದೆ; ತಲೆಸುತ್ತು ಬರುವವರು ಕರಗಿದ ಕಬ್ಬಿಣ ಹರಿಯುತ್ತಿದ್ದ ಕೆಳಗಿನ ಅಂಗಳದಲ್ಲೇ ಉಳಿಯುವುದು ಕ್ಷೇಮ. ನಾನು ಆ ಅಂಗಳದಲ್ಲಿಯೇ ಬಹಳ ಹೊತ್ತು ನಿಂತಿದ್ದೆ. ಮರಳಿನ ಕಾಲುವೆಗಳು, ಕುಲುಮೆಯ ಬಾಯಿ, ಅದರೆದುರು ಕೆಲಸಗಾರ ನಿಲ್ಲುತ್ತಿದ್ದ ಜಾಗ. ಅಲ್ಲಿಂದ ಕುಲುಮೆಯ ಬಾಯಿಗೆ ನಾಲ್ಕೇ ಹೆಜ್ಜೆ. ವಾರಾಂತ್ಯದ ರಾತ್ರಿಗಳಲ್ಲಿ ಇಡೀ ಕಾರ್ಖಾನೆಗೆ ಬಣ್ಣದ ದೀಪ ಹಾಕುತ್ತಾರೆ. ಅದನ್ನು ನೋಡಿಯೇ ಹೊರಡುವುದಾದರೆ ಒಂದು ಟಾರ್ಚ್ ಇಟ್ಟುಕೊಳ್ಳಿ, ಹಿಂದಿರುಗುವ ಟ್ರಾಮಿನ ವೇಳೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ.