ಬ್ಯಾಕಪ್ ಶುರುವಾದರೆ ಸಾಕು, ವೈಫೈ ಕಡಿದುಹೋಗುತ್ತಿತ್ತು: ಹದಿನೇಳು ದಿನಗಳ ಹುಡುಕಾಟ

ಕೊನೆಗೂ ಸಿಕ್ಕಿತು. ಡೆಸ್ಕ್‌ಟಾಪ್ ಮತ್ತು ರೌಟರ್ ನಡುವಿನ ಸಂಪರ್ಕ ಏಕೆ ಮತ್ತೆ ಮತ್ತೆ ಕಡಿಯುತ್ತಿತ್ತು ಎಂಬುದು ಇಂದು ಸಂಜೆ ಖಚಿತವಾಯಿತು. ಇದನ್ನು ಬರೆಯುತ್ತಿರುವ ಹೊತ್ತಿನಲ್ಲಿ ಅದೇ ಡೆಸ್ಕ್‌ಟಾಪ್ ಒಂದು ಕಡೆ 200 ಗಿಗಾಬೈಟ್‌ನಷ್ಟು ಫೋಟೊಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡುತ್ತಿದೆ. ಇನ್ನೊಂದು ಕಡೆ ರೌಟರ್‌ಗೆ ಕಳುಹಿಸಿದ ಪ್ರತಿ ಪಿಂಗ್‌ಗೂ (ಸಂಪರ್ಕ ಜೀವಂತವಿದೆಯೇ ಎಂದು ಕೇಳುವ ಪುಟ್ಟ ಸಂದೇಶ) 2–3 ಮಿಲಿಸೆಕೆಂಡಿನಲ್ಲಿ ಉತ್ತರ ಬರುತ್ತಿದೆ. ಹದಿನೇಳು ದಿನಗಳಲ್ಲಿ ಈ ಎರಡು ಕೆಲಸಗಳು ಪೂರ್ತಿ ವೇಗದಲ್ಲಿ ಒಂದೇ ಹೊತ್ತಿಗೆ ನಡೆದದ್ದು ಇದೇ ಮೊದಲು.

ಡ್ರೈವರ್ ಹಾಕಿದ್ದು, ಪಾಸ್‌ವರ್ಡ್ ಕೊಟ್ಟದ್ದು, ಇವನ್ನೆಲ್ಲ ಬಿಟ್ಟುಬಿಡುತ್ತೇನೆ. ಡೆಸ್ಕ್‌ಟಾಪ್‌ಗೆ ವೈಫೈ ಕೊಡುವ ಪುಟ್ಟ ಯುಎಸ್‌ಬಿ ಡಾಂಗಲ್ ಮೊದಲ ದಿನ ಸಿಡಿ ಡ್ರೈವ್‌ನ ವೇಷದಲ್ಲಿ ಕಾಣಿಸಿಕೊಂಡದ್ದೂ, ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ತಂತ್ರಾಂಶ ಅದನ್ನು ನಿಜ ರೂಪಕ್ಕೆ ತಂದದ್ದೂ ಈ ಹವ್ಯಾಸದವರಿಗೆಲ್ಲ ಗೊತ್ತಿರುವ ಕಥೆಯೇ. ಡಾಂಗಲ್ ಏಕೆ ಎಂದು ಕೇಳುವವರಿಗೆ: ಮದರ್‌ಬೋರ್ಡಿನಲ್ಲಿದ್ದ ಒಂದೇ ಒಂದು ಚಿಕ್ಕ ಪಿಸಿಐಇ ಸ್ಲಾಟಿನ (ಒಳಗೇ ವೈಫೈ ಕಾರ್ಡ್ ಸಿಕ್ಕಿಸಬಹುದಾದ ಜಾಗದ) ಮೇಲೆ ಗ್ರಾಫಿಕ್ಸ್ ಕಾರ್ಡ್ ಅಡ್ಡಲಾಗಿ ಮಲಗಿದೆ. ರೌಟರ್ ಇರುವುದು ಎರಡು ಗೋಡೆಗಳ ಆಚೆ, ಸದ್ಯಕ್ಕೆ ಆ ಗೋಡೆಗಳನ್ನು ಕೊರೆಯುವ ಹಾಗಿಲ್ಲ.

ಡಾಂಗಲ್ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ‘600’ ಎಂದು ಅಚ್ಚಾಗಿತ್ತು. ಈ ಸಂಖ್ಯೆಯ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ (ತರಂಗಪಟ್ಟಿಯಲ್ಲಿ) ಸೆಕೆಂಡಿಗೆ 150 ಮೆಗಾಬಿಟ್, 5 ಗಿಗಾಹರ್ಟ್ಸ್‌ನಲ್ಲಿ 433. ಇವೆರಡನ್ನೂ ಕೂಡಿ, ಬಂದ 583ನ್ನು ಮೇಲಕ್ಕೆ ಎಳೆದು 600 ಮಾಡಿದ್ದಾರೆ. ಒಂದೇ ಆಂಟೆನಾದ ಈ ಡಾಂಗಲ್ ಒಮ್ಮೆಗೆ ಒಂದೇ ಬ್ಯಾಂಡಿನಲ್ಲಿ ಕೆಲಸ ಮಾಡುತ್ತದೆ. ಅಲ್ಲದೆ ಅದರ ಹಿಂಬದಿ ಇರುವುದು ಯುಎಸ್‌ಬಿ 2. ಆ ದಾರಿಯ ಮಿತಿಯೇ 480 ಮೆಗಾಬಿಟ್. ಯಾವ ಲೆಕ್ಕದಲ್ಲೂ 600 ಹುಟ್ಟುವುದಿಲ್ಲ. ಸಾಲದ್ದಕ್ಕೆ, ಒಂದೇ ಮಾದರಿ ಸಂಖ್ಯೆಯ ಕೆಳಗೆ ಎರಡನೆಯ ಆವೃತ್ತಿ, ಮೂರನೆಯ ಆವೃತ್ತಿ ಎಂದು ಒಳಗಿನ ಚಿಪ್ ಬದಲಾಗಿರುತ್ತದೆ. ಮಾರುವವರ ಪುಟದಲ್ಲಿ ಆವೃತ್ತಿಯ ಸುಳಿವೇ ಇರುವುದಿಲ್ಲ. ಚಿಪ್‌ನ ಹೆಸರನ್ನು ಪೆಟ್ಟಿಗೆಯ ಮೇಲೆ ಒಂದು ಸಾಲಿನಲ್ಲಿ ಬರೆದರೆ ನಮ್ಮಂಥವರ ಎಷ್ಟು ರಾತ್ರಿಗಳು ಉಳಿಯುತ್ತಿದ್ದವು!

ಇನ್ನು ಸಮಸ್ಯೆಗೆ ಬರುತ್ತೇನೆ. ಹಗಲೆಲ್ಲ ವೈಫೈ ಚೆನ್ನಾಗಿಯೇ ಇರುತ್ತಿತ್ತು. ರಾತ್ರಿ ಹತ್ತರ ಸುಮಾರಿಗೆ ವೆಬ್ ಪುಟಗಳು ಅರ್ಧಕ್ಕೆ ನಿಲ್ಲುತ್ತಿದ್ದವು, ಕರೆಯಲ್ಲಿದ್ದವರ ಧ್ವನಿ ತುಂಡಾಗುತ್ತಿತ್ತು, ಕೆಲವೊಮ್ಮೆ ಸಂಪರ್ಕವೇ ಬಿದ್ದುಹೋಗುತ್ತಿತ್ತು. ಅರ್ಧ ಗಂಟೆಯಲ್ಲಿ ಎಲ್ಲವೂ ತಾನಾಗಿ ಸರಿಹೋಗುತ್ತಿತ್ತು. ರಾತ್ರಿ ಅಕ್ಕಪಕ್ಕದ ಮನೆಗಳಲ್ಲೂ ವೈಫೈ ಬಳಕೆ ಹೆಚ್ಚಾಗುವುದರಿಂದ ಮೊದಲ ಅನುಮಾನ ಚಾನೆಲ್ (ವೈಫೈ ಮಾತನಾಡುವ ಆವರ್ತನದ ಭಾಗ) ಮೇಲೆ ಹೋಯಿತು. 2.4 ಗಿಗಾಹರ್ಟ್ಸ್‌ನ ಚಾನೆಲ್‌ಗಳ ನಡುವೆ 5 ಮೆಗಾಹರ್ಟ್ಸ್ ಮಾತ್ರ ಅಂತರ, ಆದರೆ ಪ್ರತಿ ಸಂಪರ್ಕಕ್ಕೂ ಸುಮಾರು 20 ಮೆಗಾಹರ್ಟ್ಸ್ ಅಗಲ ಬೇಕು. ಹಾಗಾಗಿ ಒಂದಕ್ಕೊಂದು ತಾಗದಂತೆ ಉಳಿಯುವುದು 1, 6, 11. ಮೂರನ್ನೂ ಎರಡೆರಡು ರಾತ್ರಿ ಪರೀಕ್ಷಿಸಿದೆ. ಏನೂ ಬದಲಾಗಲಿಲ್ಲ. ಡಾಂಗಲ್‌ನ ವಿದ್ಯುತ್ ಉಳಿತಾಯದ ಸೌಲಭ್ಯವನ್ನು ನಿಲ್ಲಿಸಿದೆ, ಏನೂ ಆಗಲಿಲ್ಲ. ಡ್ರೈವರ್‌ನ ಹಳೆಯ ಆವೃತ್ತಿಗೆ ಮರಳಿದೆ, ಆಗಲೂ ಅದೇ. ರೌಟರ್‌ನ ಒಳಗಿನ ತಂತ್ರಾಂಶವನ್ನು (ಫರ್ಮ್‌ವೇರ್) ಹೊಸದು ಮಾಡಿದೆ, ಭದ್ರತೆಯನ್ನು ಡಬ್ಲ್ಯುಪಿಎ3 ಮಿಶ್ರ ವಿಧಾನದಿಂದ ಬರೀ ಡಬ್ಲ್ಯುಪಿಎ2ಗೆ ಇಳಿಸಿದೆ, ಒಮ್ಮೆ ಕಾರ್ಖಾನೆಯ ಸ್ಥಿತಿಗೂ ಮರಳಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಯಾವ ತಪ್ಪೂ ಮಾಡದ ರೌಟರ್ ಒಂದು ವಾರ ನನ್ನ ಕೈಯಲ್ಲಿ ನರಳಿತು.

ನನ್ನನ್ನು ಅತಿ ಹೆಚ್ಚು ದಾರಿ ತಪ್ಪಿಸಿದ್ದು ಸಿಗ್ನಲ್ ಸಂಖ್ಯೆ. ಸಂಪರ್ಕ ಚೆನ್ನಾಗಿದ್ದಾಗ ಮೈನಸ್ 58 ಡಿಬಿಎಂ (ಸಿಗ್ನಲ್ ಬಲದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು). ಸಂಪರ್ಕ ನೆಲ ಕಚ್ಚಿದಾಗಲೂ ಮೈನಸ್ 58. ಪರದೆಯಂಚಿನ ವೈಫೈ ಚಿಹ್ನೆಯಲ್ಲಿ ಎಲ್ಲ ಪಟ್ಟಿಗಳೂ ತುಂಬಿದ್ದವು. ಸಿಗ್ನಲ್ ಇಷ್ಟು ಸ್ಥಿರವಾಗಿರುವಾಗ ಗಾಳಿಯಲ್ಲಿ ದೋಷವಿರಲಾರದು, ತಂತ್ರಾಂಶದಲ್ಲೇ ಇರಬೇಕು ಎಂದು ತೀರ್ಮಾನಿಸಿದ್ದೆ. ಆ ತೀರ್ಮಾನ ತಪ್ಪಾಗಿತ್ತು. ಆ ಸಂಖ್ಯೆ ಹೇಳುವುದು ರೌಟರ್‌ನ ಧ್ವನಿ ಎಷ್ಟು ಜೋರಾಗಿದೆ ಎಂಬುದನ್ನು ಮಾತ್ರ. ಕೇಳುವವನ ಕಿವಿಯ ಪಕ್ಕದಲ್ಲಿ ಹಿಟ್ಟಿನ ಗಿರಣಿ ತಿರುಗುತ್ತಿದೆಯೇ ಎಂಬುದನ್ನು ಅದು ಹೇಳುವುದಿಲ್ಲ.

ಸುಳಿವು ಕೊಟ್ಟದ್ದು ಮೌಸ್. ಹನ್ನೊಂದನೆಯ ರಾತ್ರಿ, ಪಿಂಗ್ 700 ಮಿಲಿಸೆಕೆಂಡ್ ದಾಟಿದ ಕ್ಷಣದಲ್ಲೇ ಪರದೆಯ ಮೇಲಿನ ಬಾಣ ಎಡವತೊಡಗಿತು. ಎರಡು ಹೆಜ್ಜೆ ಓಡುವುದು, ನಿಲ್ಲುವುದು, ಇದ್ದಕ್ಕಿದ್ದಂತೆ ಜಿಗಿಯುವುದು. ನನ್ನದು ವೈರ್‌ಲೆಸ್ ಮೌಸ್; ಅದರ ಪುಟ್ಟ ರಿಸೀವರ್ ಕೂಡ 2.4 ಗಿಗಾಹರ್ಟ್ಸ್‌ನಲ್ಲೇ ಮಾತನಾಡುತ್ತದೆ. ಅದಕ್ಕೂ ರೌಟರ್‌ಗೂ, ಅದಕ್ಕೂ ವೈಫೈ ಡ್ರೈವರ್‌ಗೂ ಯಾವ ಸಂಬಂಧವೂ ಇಲ್ಲ. ಡಾಂಗಲ್‌ಗೂ ರಿಸೀವರ್‌ಗೂ ಇರುವ ಸಮಾನ ಅಂಶ ಒಂದೇ: ಇಬ್ಬರೂ ಡೆಸ್ಕ್‌ಟಾಪ್ ಕ್ಯಾಬಿನೆಟ್ಟಿನ ಹಿಂದೆ, ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್‌ಗಳ ಸಾಲಿನಲ್ಲಿ ಕೂತಿದ್ದರು. ಅದೇ ಸಾಲಿನಲ್ಲಿ ಹೊರಗಿನ ಹಾರ್ಡ್ ಡಿಸ್ಕ್ ಇತ್ತು. ಬ್ಯಾಕಪ್ ತಾನಾಗಿ ಶುರುವಾಗುವ ಹೊತ್ತು ರಾತ್ರಿ ಹತ್ತು.

ಆ ರಾತ್ರಿ ಬ್ಯಾಕಪ್ಪನ್ನು ಕೈಯಿಂದ ನಿಲ್ಲಿಸಿದೆ. ಎರಡು ಸೆಕೆಂಡಿನಲ್ಲಿ ಪಿಂಗ್ 3ಕ್ಕೆ ಇಳಿಯಿತು. ಮತ್ತೆ ಶುರುಮಾಡಿದೆ, 600. ಮತ್ತೆ ನಿಲ್ಲಿಸಿದೆ, 3. ಅಷ್ಟು ಸಂತೋಷ ನನಗೆ ಇತ್ತೀಚೆಗೆ ಯಾವುದರಿಂದಲೂ ಆಗಿರಲಿಲ್ಲ. ಹತ್ತು ದಿನ ಕತ್ತಲಲ್ಲಿ ಕೈಯಾಡಿಸುತ್ತಿದ್ದ ಕೋಣೆಯಲ್ಲಿ ದೀಪದ ಗುಂಡಿ ಕೈಗೆ ಸಿಕ್ಕಂತಾಯಿತು.

ಹುಡುಕಿದಾಗ ಇದು ಹಳೆಯ ರೋಗವೆಂದು ತಿಳಿಯಿತು. ಇಂಟೆಲ್ 2012ರಲ್ಲೇ ಇದರ ಬಗ್ಗೆ ಒಂದು ತಾಂತ್ರಿಕ ಪ್ರಬಂಧ ಪ್ರಕಟಿಸಿತ್ತು. ಯುಎಸ್‌ಬಿ 3ರ ತಂತಿಯಲ್ಲಿ ದತ್ತಾಂಶ ಹರಿಯುವುದು ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ. ಬಿಟ್‌ಗಳನ್ನು ಬೇಕೆಂದೇ ಕಲಸಿ ಕಳುಹಿಸುವುದರಿಂದ ಅದರ ವಿಕಿರಣ ಒಂದೇ ಆವರ್ತನದಲ್ಲಿ ಮೊನಚಾಗಿ ನಿಲ್ಲದೆ ಕಂಬಳಿಯಂತೆ ಅಗಲವಾಗಿ ಹರಡುತ್ತದೆ. 5 ಗಿಗಾಹರ್ಟ್ಸ್ ಹತ್ತಿರ ಬಹುತೇಕ ಇಲ್ಲವಾಗುತ್ತದೆ. ನಮ್ಮ 2.4 ಗಿಗಾಹರ್ಟ್ಸ್ ಸಿಕ್ಕಿಬಿದ್ದಿರುವುದು ಆ ಕಂಬಳಿಯ ನಡುಮಧ್ಯದಲ್ಲಿ. ಪೋರ್ಟ್, ಪ್ಲಗ್, ಡಿಸ್ಕಿನ ಪೆಟ್ಟಿಗೆ, ಎಲ್ಲಿ ಲೋಹದ ರಕ್ಷಣಾ ಹೊದಿಕೆ ಸಡಿಲವೋ ಅಲ್ಲಿಂದ ಅದು ಸೋರುತ್ತದೆ. ಡಿಸ್ಕ್ ಜೋಡಿಸಿದಾಗ ಆ ಪಟ್ಟಿಯ ಗದ್ದಲ ಸುಮಾರು 20 ಡೆಸಿಬೆಲ್ ಏರಿದ್ದನ್ನು ಅವರು ಅಳೆದಿದ್ದರು, ಎಂದರೆ ನೂರು ಪಟ್ಟು. ಮೈನಸ್ 58 ಡಿಬಿಎಂ ಎಂದರೆ ಒಂದು ವಾಟನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದೂವರೆ ಪಾಲು. ಅಷ್ಟು ಕ್ಷೀಣವಾದ ಪಿಸುಮಾತನ್ನು ಆಲಿಸುವ ಆಂಟೆನಾದಿಂದ ಎರಡು ಸೆಂಟಿಮೀಟರ್ ದೂರದಲ್ಲಿ ಸೋರುವ ಪೋರ್ಟ್ ಇದ್ದರೆ ಇನ್ನೇನಾಗುತ್ತದೆ? ನಕಲು ನಡೆಯದೆ ಡಿಸ್ಕ್ ಸುಮ್ಮನಿದ್ದಾಗಲೂ ನನ್ನ ಪಿಂಗ್ ಆಗಾಗ ಅದುರುತ್ತಿದ್ದುದು ಏಕೆಂಬುದೂ ಆಗ ಅರ್ಥವಾಯಿತು: ಯುಎಸ್‌ಬಿ 3 ಕೊಂಡಿ ಎಚ್ಚರವಾಗಿರುವವರೆಗೆ, ಹೇಳಲು ಏನೂ ಇಲ್ಲದಿದ್ದರೂ, ಬಿಟ್‌ಗಳನ್ನು ಕಳುಹಿಸುತ್ತಲೇ ಇರುತ್ತದೆ.

ಕಾರಣ ಗೊತ್ತಾದ ಮೇಲೂ ಪರಿಹಾರಕ್ಕೆ ಆರು ದಿನ ಹಿಡಿಯಿತು. ಮೊದಲು ಅಳತೆ ಮಾಡಿದೆ. ಡಿಸ್ಕಿನ ಪಕ್ಕದ ಪೋರ್ಟಿನಲ್ಲಿ ಡಾಂಗಲ್ ಇದ್ದಾಗ 100 ಪಿಂಗ್‌ಗಳಲ್ಲಿ 34 ಕಳೆದುಹೋದವು. ಎರಡು ಪೋರ್ಟ್ ಆಚೆ ಇಟ್ಟಾಗ 21. ಕ್ಯಾಬಿನೆಟ್ಟಿನ ಮುಂಭಾಗಕ್ಕೆ ತಂದಾಗ 12. ಅಲ್ಲಿ ಸೊನ್ನೆ ಬರಬಹುದೆಂದು ಆಸೆಪಟ್ಟಿದ್ದೆ. ಆದರೆ ಮುಂಭಾಗದ ಪೋರ್ಟ್‌ಗಳಿಗೆ ಮದರ್‌ಬೋರ್ಡಿನಿಂದ ಬರುವ ಒಳಗಿನ ಯುಎಸ್‌ಬಿ 3 ಕೇಬಲ್ ಕೂಡ ಸೋರುವ ಗಿರಾಕಿಯೇ. ಡಿಸ್ಕನ್ನೇ ಕಪ್ಪು ಬಣ್ಣದ ಯುಎಸ್‌ಬಿ 2 ಪೋರ್ಟಿಗೆ ಹಾಕಿದಾಗ ಒಂದು ಪಿಂಗ್ ಕೂಡ ಕಳೆಯಲಿಲ್ಲ. ಆದರೆ ನಕಲಿನ ವೇಗ ಸೆಕೆಂಡಿಗೆ 110 ಮೆಗಾಬೈಟ್‌ನಿಂದ 35ಕ್ಕೆ ಕುಸಿಯಿತು. ಅರ್ಧ ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ. ಒಪ್ಪಲು ಮನಸ್ಸಾಗಲಿಲ್ಲ. ಡಿಸ್ಕಿನ ಕೇಬಲ್ ಬದಲಿಸಿ, ಗಟ್ಟಿಯಾದ ಹೊದಿಕೆಯ ಇನ್ನೊಂದನ್ನು ಹಾಕಿದೆ: ಪಕ್ಕದ ಪೋರ್ಟಿನಲ್ಲೇ 34ರ ಬದಲು 19. ಒಂದು ಕೇಬಲ್ಲಿನಿಂದ ಇಷ್ಟು ವ್ಯತ್ಯಾಸ! ಡಿಸ್ಕಿನ ಜೊತೆ ಪೆಟ್ಟಿಗೆಯಲ್ಲಿ ಬಂದ ಕೇಬಲ್ಲನ್ನು ಯಾರೂ ಕಣ್ಣುಮುಚ್ಚಿ ನಂಬಬೇಡಿ.

ಸರಿಯಾದ ದಾರಿ ದೂರವೇ. ಡಾಂಗಲ್‌ಗೆ ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಕ್ಯಾಬಿನೆಟ್ಟಿನಿಂದ ದೂರ ಒಯ್ಯುವುದು. ಕೇಳಲು ಎಷ್ಟು ಸುಲಭ! ತರಿಸಿದ ಮೊದಲ ಕೇಬಲ್ ಜೋಡಿಸಿದಾಗ ಡಾಂಗಲ್‌ನಲ್ಲಿ ಯಾವ ಜೀವವೂ ಕಾಣಲಿಲ್ಲ, ಕರ್ನಲ್ ದಾಖಲೆಯಲ್ಲಿ (ಆಪರೇಟಿಂಗ್ ಸಿಸ್ಟಮ್ ತಿರುಳಿನ ದಿನಚರಿಯಲ್ಲಿ) ಒಂದು ಸಾಲೂ ಇಲ್ಲ. ಮಲ್ಟಿಮೀಟರ್ ಹಿಡಿದು ನೋಡಿದರೆ ಐದು ವೋಲ್ಟ್ ಬರುತ್ತಿದೆ, ಆದರೆ ನಡುವಿನ ಎರಡು ದತ್ತಾಂಶದ ತಂತಿಗಳೇ ಒಳಗಿಲ್ಲ. ಚಾರ್ಜ್ ಮಾಡಲು ಮಾತ್ರ ಬರುವ ಕೇಬಲ್ಲನ್ನು ಡೇಟಾ ಕೇಬಲ್ ಎಂದು ಮಾರಿದ್ದರು. ವಾಪಸು ಕಳುಹಿಸಿ ಹೊಸದು ಬರಲು ನಾಲ್ಕು ದಿನ. ಎರಡನೆಯದು ಮೂರು ಮೀಟರ್ ಉದ್ದದ, ತೆಳ್ಳಗಿನ ಕೇಬಲ್. ಡಾಂಗಲ್ ಕಾಣಿಸಿತು, ಸಂಪರ್ಕವೂ ಆಯಿತು, ದೊಡ್ಡ ಕಡತ ಕಳುಹಿಸಲು ಹೊರಟ ಕೂಡಲೇ ಬಿದ್ದು ಮತ್ತೆ ಎದ್ದಿತು. ತೆಳುವಾದ ತಂತಿಯ ಮೂಲಕ ಅಷ್ಟು ದೂರ ಹೋಗುವಷ್ಟರಲ್ಲಿ ವೋಲ್ಟೇಜ್ ಬಸವಳಿಯುತ್ತಿತ್ತು. ಡಾಂಗಲ್ ಪ್ರಸಾರಕ್ಕೆ ಹೆಚ್ಚು ಕರೆಂಟ್ ಎಳೆದ ಕ್ಷಣವೇ ಅದಕ್ಕೆ ಮೂರ್ಛೆ. ಕೇಬಲ್ ಮಾರುವವರು ಒಳಗಿನ ತಂತಿಯ ದಪ್ಪವನ್ನು ಬರೆಯಲು ಏಕೆ ಇಷ್ಟು ಹಿಂಜರಿಯುತ್ತಾರೆ? ಬಣ್ಣ ಯಾವುದು, ಹೆಣಿಗೆ ಎಷ್ಟು ಅಂದ ಎಂದು ಹತ್ತು ಸಾಲು ಬರೆಯುವವರಿಗೆ ಆ ಒಂದು ಸಂಖ್ಯೆ ಮಾತ್ರ ಭಾರವಾಗುತ್ತದೆ.

ಈ ಕೇಬಲ್‌ಗಳಿಗಾಗಿ ಕಾಯುತ್ತಿದ್ದ ದಿನಗಳಲ್ಲೇ ಮುಂದಿನ ಯೋಜನೆ ಹುಟ್ಟಿಕೊಂಡಿತು. ಕಪಾಟಿನಲ್ಲಿ ಹಳೆಯ ರೌಟರ್ ಒಂದಿದೆ. ಅದಕ್ಕೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿ ವೈಫೈ ಸೇತುವೆಯಾಗಿ ಬಳಸಿದರೆ, ಡೆಸ್ಕ್‌ಟಾಪ್‌ಗೆ ಬರುವುದು ಒಂದು ಅಚ್ಚುಕಟ್ಟಾದ ಈಥರ್ನೆಟ್ ತಂತಿ ಮಾತ್ರ. ಡಾಂಗಲ್ಲೂ ಬೇಡ, ಡ್ರೈವರ್ರೂ ಬೇಡ. ತೊಡಕು ಒಂದೇ. ಸಾಮಾನ್ಯ ವೈಫೈ ಗ್ರಾಹಕ ಕಳುಹಿಸುವ ಫ್ರೇಮಿನಲ್ಲಿ (ದತ್ತಾಂಶದ ಪೊಟ್ಟಣದಲ್ಲಿ) ಮೂರು ವಿಳಾಸಗಳಿಗಷ್ಟೇ ಜಾಗವಿರುತ್ತದೆ, ಸೇತುವೆಯ ಹಿಂದೆ ಕೂತ ಯಂತ್ರದ ವಿಳಾಸವನ್ನೂ ಸಾಗಿಸಲು ನಾಲ್ಕು ಬೇಕು. ಮುಖ್ಯ ರೌಟರ್ ಕೂಡ ಆ ನಾಲ್ಕು ವಿಳಾಸಗಳ ವಿಧಾನವನ್ನು ಒಪ್ಪಿದರೆ ಚೆಂದ. ಇಲ್ಲವಾದರೆ ರಿಲೇಡಿಯಂಥ ಮಧ್ಯವರ್ತಿ ತಂತ್ರಾಂಶವನ್ನು ಇಡಬೇಕು. ಹಳೆಯ ರೌಟರ್‌ಗೆ ತುಂಬಲು ಬೇಕಾದ ತಂತ್ರಾಂಶದ ಕಡತವನ್ನು ಇಳಿಸಿಕೊಂಡಾಗಿದೆ. ಹಳೆಯ ರೌಟರ್‌ನ ಪೆಟ್ಟಿಗೆ ಬಿಚ್ಚಿ, ಅದರೊಡನೆ ನೇರವಾಗಿ ಮಾತನಾಡಲು ಬಳಸುವ ಸೀರಿಯಲ್ ಪಿನ್‌ಗಳ ಜಾಗವನ್ನೂ ಗುರುತಿಸಿಟ್ಟಿದ್ದೇನೆ.

ಇರಲಿ. ಇಂದು ಮಧ್ಯಾಹ್ನ ಮೂರನೆಯ ಕೇಬಲ್ ಬಂತು. ಒಂದೂವರೆ ಮೀಟರ್, ಕೈಗೆ ಭಾರ ಎನಿಸುವಷ್ಟು ದಪ್ಪ, ಎರಡು ಪದರದ ಹೊದಿಕೆ. ಕಪ್ಪು ಪೋರ್ಟಿಗೆ ಸಿಕ್ಕಿಸಿ ಡಾಂಗಲ್ಲನ್ನು ಮೇಜಿನ ಮೇಲಿನ ಪುಸ್ತಕದ ಕಪಾಟಿನ ತುದಿಗೆ ಒಯ್ದೆ. ಬ್ಯಾಕಪ್ ಶುರುಮಾಡಿದೆ. 1000 ಪಿಂಗ್ ಕಳುಹಿಸಿದೆ, 1000 ಉತ್ತರಗಳೂ ಬಂದವು. ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಎರಡು ಸುತ್ತು ನಡೆದು ಬಂದು ಮತ್ತೆ 1000 ಕಳುಹಿಸಿದೆ. ಅವೂ ಬಂದವು.

ಎತ್ತರಕ್ಕೆ ಹೋದದ್ದರಿಂದ ಇನ್ನೊಂದು ಲಾಭವಾಯಿತು. ಉಕ್ಕಿನ ಕ್ಯಾಬಿನೆಟ್ಟಿನ ಮರೆ ಹೋಗಿ ಸಿಗ್ನಲ್ ಮೈನಸ್ 58ರಿಂದ ಮೈನಸ್ 49ಕ್ಕೆ ಏರಿದೆ, ಎಂದರೆ ಸುಮಾರು ಎಂಟು ಪಟ್ಟು. ಕಪಾಟಿನ ಮೇಲೆಯೇ ಡಾಂಗಲ್ಲನ್ನು ಐದಾರು ಸೆಂಟಿಮೀಟರ್ ಆಚೀಚೆ ಸರಿಸಿದರೆ ಆರೇಳು ಡೆಸಿಬೆಲ್ ಏರಿಳಿತ ಕಾಣುತ್ತದೆ. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್, ಗೋಡೆಗಳಿಗೆ ಬಡಿದು ಬಂದ ತರಂಗಗಳು ಒಂದು ಜಾಗದಲ್ಲಿ ಒಂದಕ್ಕೊಂದು ಕೂಡಿಕೊಂಡು, ಅಂಗೈಯಷ್ಟು ಪಕ್ಕದಲ್ಲಿ ಪರಸ್ಪರ ಅಳಿಸಿಹಾಕುತ್ತವೆ. ಹಾಗಾಗಿ ಒಂದು ಕೈಯಲ್ಲಿ ಡಾಂಗಲ್ ಹಿಡಿದು, ಕಣ್ಣನ್ನು ಸಂಖ್ಯೆಯ ಮೇಲಿಟ್ಟು, ಅತ್ಯುತ್ತಮ ಜಾಗ ಹುಡುಕಿ ಎರಡು ಬದಿಯ ಅಂಟುಪಟ್ಟಿಯಿಂದ ಅಂಟಿಸಿದೆ. ಮೊದಲು ಮೈನಸ್ 78 ಎಂದು ಕೈಬಿಟ್ಟಿದ್ದ 5 ಗಿಗಾಹರ್ಟ್ಸ್ ಈಗ ಮೈನಸ್ 68ಕ್ಕೆ ಬಂದಿದೆ. ಅದರಲ್ಲಿ ಕೈಗೆ ಸಿಗುವ ನಿಜವಾದ ವೇಗ ಸುಮಾರು 140 ಮೆಗಾಬಿಟ್. ಯುಎಸ್‌ಬಿ 3ರ ಗದ್ದಲ ಅಲ್ಲಿಗೆ ಮುಟ್ಟುವುದಿಲ್ಲವಾದ್ದರಿಂದ ನಾಳೆಯಿಂದ ಅಲ್ಲೇ ನೆಲೆಸುವ ಯೋಚನೆ. ಆದರೆ ಒಂದು ವಾರ ಎರಡೂ ಬ್ಯಾಂಡ್‌ಗಳ ಪಿಂಗ್ ದಾಖಲೆ ಇಟ್ಟು ನೋಡದೆ ಯಾವುದನ್ನೂ ಅಂತಿಮ ಎನ್ನುವುದಿಲ್ಲ.

ಮೌಸ್ ಮಾತ್ರ ಈಗಲೂ ಎಡವುತ್ತಿದೆ, ಅದರ ರಿಸೀವರ್ ಹಿಂದಿನ ನೀಲಿ ಸಾಲಿನಲ್ಲೇ ಉಳಿದಿದೆ. ಆ ಮೂರು ಮೀಟರ್ ತೆಳ್ಳಗಿನ ಕೇಬಲ್ ಇನ್ನೂ ಮೇಜಿನ ಮೇಲಿದೆಯಲ್ಲ. ಮೌಸ್ ರಿಸೀವರ್ ಎಳೆಯುವ ಕರೆಂಟ್ ತೀರಾ ಕಡಿಮೆ. ಬ್ಯಾಕಪ್ ಮುಗಿದ ಕೂಡಲೇ ಅದನ್ನು ಜೋಡಿಸಿ ನೋಡುತ್ತೇನೆ.